ಹಿಮದ ಚಿತ್ರಕ್ಕೆ ಹಿಂದಿನಿಂದ ಬೆಳಕು

ಪ್ರಶ್ನೆ: ಜರ್ಮನ್ ಕಲಾವಿದ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ‘ಚಳಿಗಾಲದ ನೋಟ’ ಚಿತ್ರವನ್ನು 90 × 65 ಸೆಂ.ಮೀ. ಅಳತೆಗೆ ಮುದ್ರಿಸಿ, ಹಿಂದಿನಿಂದ ದೀಪ ಬೆಳಗುವ ಪೆಟ್ಟಿಗೆಗೆ (ಲೈಟ್ ಬಾಕ್ಸ್) ಹಾಕಿಸಿದೆ. ದೀಪ ಹಚ್ಚಿದರೆ ಹಿಮ ಟ್ಯೂಬ್‌ಲೈಟಿನಂತೆ ಕಣ್ಣಿಗೆ ಹೊಡೆಯುತ್ತದೆ, ಮಂಜಿನಲ್ಲಿದ್ದ ಚರ್ಚು ಕಾಣುವುದೇ ಇಲ್ಲ. ಎಲ್‌ಇಡಿ ಬದಲಿಸಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ಎಲ್‌ಇಡಿಗಿಂತ ಮೊದಲು ಫೈಲನ್ನು ಸರಿಪಡಿಸಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಈ ಚಿತ್ರ ಬಹುಶಃ 1811ರದ್ದು. ಅಳತೆ ಬರೀ 32.5 × 45 ಸೆಂ.ಮೀ. ಊರುಗೋಲುಗಳನ್ನು ಹಿಮದಲ್ಲಿ ಎಸೆದು, ಬಂಡೆಗೊರಗಿ, ಫರ್ ಮರಗಳ ನಡುವಿನ ಶಿಲುಬೆಯತ್ತ ಪ್ರಾರ್ಥಿಸುತ್ತಿರುವ ಒಬ್ಬ ಮನುಷ್ಯ. ದೂರದ ಮಂಜಿನಲ್ಲಿ ಗಾಥಿಕ್ ಚರ್ಚಿನ ನೆರಳು. ಆ ಮಂಜನ್ನು ಕಲಾವಿದ ಸ್ಮಾಲ್ಟ್ ಎಂಬ ನೀಲಿ ಬಣ್ಣದಿಂದ, ಅಂದರೆ ಕೋಬಾಲ್ಟ್ ಬೆರೆತ ಗಾಜಿನ ಪುಡಿಯಿಂದ, ಕುಂಚದ ತುದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಇಟ್ಟು ಮೂಡಿಸಿದ್ದಾನೆ. ಹಾಗಾಗಿ ಚರ್ಚಿಗೂ ಆಕಾಶಕ್ಕೂ ಇರುವ ವ್ಯತ್ಯಾಸ ಬಹಳ ತೆಳು. ‘ಆಟೋ ಕಾಂಟ್ರಾಸ್ಟ್’ ಒತ್ತಿದರೆ ಮೊದಲು ಅಳಿಸಿಹೋಗುವುದೇ ಅದು.

ಫೈಲಿನಲ್ಲಿ ಅಚ್ಚಬಿಳಿ ಇದ್ದ ಕಡೆ ಪ್ರಿಂಟರ್ ಶಾಯಿಯನ್ನೇ ಹಾಕುವುದಿಲ್ಲ. ಗೋಡೆಯ ಚಿತ್ರಕ್ಕಾದರೆ ಅದು ಕಾಗದದ ಬಿಳಿ. ಲೈಟ್ ಬಾಕ್ಸ್‌ನಲ್ಲಿ ಮಾತ್ರ ಅದು ಬೆತ್ತಲೆ ದೀಪ. ಆದ್ದರಿಂದ ಫೋಟೊ ತಿದ್ದುವ ತಂತ್ರಾಂಶದ ‘ಕರ್ವ್ಸ್’ನಲ್ಲಿ ಬಿಳಿಯ ಮಟ್ಟವನ್ನು 255ರಿಂದ 238ರ ಆಸುಪಾಸಿಗೆ ಇಳಿಸಿ. ಅತಿ ಬೆಳ್ಳಗಿನ ಹಿಮದ ಮೇಲೂ ಶೇ. 7ರಷ್ಟು ಶಾಯಿ ಕೂರುತ್ತದೆ. ಮಂಜಿನ ಭಾಗಕ್ಕೆ ಶೇ. 1–2ರಷ್ಟು ನಾಯ್ಸ್ (ಸಣ್ಣ ಕಾಳುಕಾಳು) ಸೇರಿಸಿ, ಇಲ್ಲದಿದ್ದರೆ ಬೆಳಕು ಹಾಯುವಾಗ ಪಟ್ಟೆ ಪಟ್ಟೆಯಾಗಿ ಒಡೆದು ಕಾಣುತ್ತದೆ. ಈ ಅಳತೆಗೆ ಇಂಚಿಗೆ 150 ಪಿಕ್ಸೆಲ್ ಸಾಕು: ಉದ್ದಕ್ಕೆ ಸುಮಾರು 5,300, ಎತ್ತರಕ್ಕೆ 3,800. ವಾಟ್ಸ್‌ಆಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ; ಪೆನ್ ಡ್ರೈವ್‌ನಲ್ಲಿ ಟಿಫ್ ಫೈಲ್ ಕೊಡಿ.

ಅಂಗಡಿಯಲ್ಲಿ ಮಾಮೂಲಿ ಫ್ಲೆಕ್ಸ್ ಬೇಡ, ಹಿಂದಿನಿಂದ ಬೆಳಕು ಹಾಯಲೆಂದೇ ಇರುವ ಬ್ಯಾಕ್‌ಲಿಟ್ ಫಿಲ್ಮ್ ಕೇಳಿ. ಶಾಯಿ ಎರಡು ಸಲ ಹಾಯಲಿ. ಒಂದೇ ಸಲಕ್ಕೆ ಫರ್ ಮರದ ಕಪ್ಪು ದೀಪದ ಮುಂದೆ ಕಂದಾಗಿ ಸೋರುತ್ತದೆ. ಪೂರ್ತಿ ಮುದ್ರಿಸುವ ಮೊದಲು ಚರ್ಚಿನ ಶಿಖರ, ಮರ, ಹಿಮ ಮೂರೂ ಸೇರುವಂತೆ 15 ಸೆಂ.ಮೀ. ಅಗಲದ ತುಂಡೊಂದನ್ನು ತೆಗೆಸಿ. ಅದನ್ನು ಅಂಗಡಿಯ ದೀಪಕ್ಕೆ ಹಿಡಿದು ನೋಡಿದರೆ ಪ್ರಯೋಜನವಿಲ್ಲ, ನಿಮ್ಮ ಪೆಟ್ಟಿಗೆಯ ಮೇಲೆಯೇ ಇಟ್ಟು ನೋಡಬೇಕು.

ಪ್ರಶ್ನೆ: ಅದೇ ಅಳತೆಯ ಪೆಟ್ಟಿಗೆಯನ್ನು ನಾನೇ ಮಾಡುತ್ತಿದ್ದೇನೆ. ಎಲ್‌ಇಡಿ ಸಾಲುಗಳು ಗೆರೆ ಗೆರೆಯಾಗಿ ಕಾಣುತ್ತಿವೆ, ಕೊನೆಯ ಸಾಲುಗಳು ಮಂಕಾಗಿವೆ.
– ಓದುಗರು, ದಾವಣಗೆರೆ

ಉತ್ತರ: ಇವೆರಡೂ ಬೇರೆ ಬೇರೆ ತೊಂದರೆಗಳು. ಎರಡು ಸಾಲುಗಳ ನಡುವಿನ ಅಂತರ, ಎಲ್‌ಇಡಿಯಿಂದ ಮುಂದಿನ ಅಕ್ರಿಲಿಕ್ ಹಾಳೆಗಿರುವ ದೂರಕ್ಕಿಂತ ಹೆಚ್ಚಾದರೆ ಗೆರೆ ಬೀಳುತ್ತದೆ. 7 ಸೆಂ.ಮೀ. ಆಳಕ್ಕೆ 6 ಸೆಂ.ಮೀ. ಅಂತರವಿಡಿ, ಒಳಗೆಲ್ಲ ಮ್ಯಾಟ್ ಬಿಳಿ ಬಳಿಯಿರಿ, ಮುಂದೆ 3 ಮಿ.ಮೀ.ನ ಹಾಲುಬಿಳಿ ಅಕ್ರಿಲಿಕ್ ಹಾಕಿ. 85 ಸೆಂ.ಮೀ. ಉದ್ದದ 10 ಸಾಲುಗಳಿಗೆ 8.5 ಮೀಟರ್ ಪಟ್ಟಿ ಬೇಕು. ಮೀಟರಿಗೆ 4.8 ವ್ಯಾಟ್‌ನ ಪಟ್ಟಿಯಾದರೆ ಒಟ್ಟು 41 ವ್ಯಾಟ್. 12 ವೋಲ್ಟ್, 5 ಆಂಪಿಯರ್‌ನ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು 12 ವೋಲ್ಟ್‌ಗೆ ಇಳಿಸುವ ಪೆಟ್ಟಿಗೆ) ಆರಾಮವಾಗಿ ಎಳೆಯುತ್ತದೆ.

ಹತ್ತೂ ಸಾಲುಗಳನ್ನು ಒಂದರ ಬಾಲಕ್ಕೊಂದು ಬೆಸೆದಿದ್ದೀರಿ ಎನಿಸುತ್ತದೆ. 12 ವೋಲ್ಟ್ ಪಟ್ಟಿಯಲ್ಲಿ 5 ಮೀಟರ್ ದಾಟಿದರೆ ವೋಲ್ಟೇಜ್ ಕುಸಿಯುತ್ತದೆ. ಐದೈದು ಸಾಲುಗಳ ಎರಡು ಗುಂಪು ಮಾಡಿ, ಎರಡಕ್ಕೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ವೈರ್ ಎಳೆಯಿರಿ. ಕೊಳ್ಳುವಾಗ 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಸಿಆರ್‌ಐ (ಬಣ್ಣಗಳನ್ನು ಸಹಜವಾಗಿ ತೋರಿಸುವ ಗುಣ) 90ಕ್ಕಿಂತ ಮೇಲಿನದನ್ನೇ ಕೇಳಿ. 6500ರ ಬಿಳಿಯಲ್ಲಿ ಹಿಮ ಆಸ್ಪತ್ರೆಯ ಕಾರಿಡಾರಿನಂತಾಗುತ್ತದೆ. ಡಿಮ್ಮರ್ ಹಾಕದೆ ಬಿಡಬೇಡಿ: ರಾತ್ರಿ ಕೋಣೆಯಲ್ಲಿ ಕಾಲುಭಾಗ ಬೆಳಕೇ ಈ ಚಿತ್ರಕ್ಕೆ ಹೆಚ್ಚು ಒಪ್ಪುತ್ತದೆ.

ಪ್ರಶ್ನೆ: ಚರ್ಚಿನ ಕಿಟಕಿಗಳಿಗೆ ತೂತು ಮಾಡಿ ಹಳದಿ ಎಲ್‌ಇಡಿ ಕೂರಿಸಬಹುದೇ? ಹಿಂದಿನಿಂದ ದೀಪ ಇಡುವುದೇ ಮೂಲ ಚಿತ್ರಕ್ಕೆ ಅಪಚಾರ ಎನ್ನುತ್ತಾರೆ ಸ್ನೇಹಿತರು.
– ಓದುಗರು, ಧಾರವಾಡ

ಉತ್ತರ: ತೂತು ದಯವಿಟ್ಟು ಬೇಡ. ಈ ಚಿತ್ರದಲ್ಲಿ ಬೆಳಕು ಹುಟ್ಟುವುದು ಮಂಜಿನ ಹಿಂದೆ, ಕಿಟಕಿಯಲ್ಲಲ್ಲ. ಒಂದು ಹಳದಿ ಚುಕ್ಕೆ ಬಿದ್ದರೂ ಕಣ್ಣು ಅಲ್ಲಿಗೇ ಓಡುತ್ತದೆ. ಬಂಡೆಗೊರಗಿದ ಆ ಮನುಷ್ಯನನ್ನು ಯಾರೂ ಗಮನಿಸುವುದಿಲ್ಲ.

ಹಿಂದಿನ ದೀಪದ ವಿಷಯದಲ್ಲಿ ಸ್ನೇಹಿತರಿಗೆ ಧೈರ್ಯವಾಗಿ ಹೇಳಿ: ಫ್ರೀಡ್ರಿಕ್ ತಾನೇ ಅಂಥ ಚಿತ್ರಗಳನ್ನು ಮಾಡಿದ್ದ. ಜರ್ಮನಿಯ ಕಾಸೆಲ್‌ನಲ್ಲಿರುವ, 1830–35ರ ಹೊತ್ತಿನ ಬೆಟ್ಟ-ನದಿಯ ನೋಟವೊಂದನ್ನು ಆತ ಬೆಳಕು ಹಾಯುವ ಕಾಗದದ ಎರಡೂ ಬದಿಗೆ ಬರೆದಿದ್ದಾನೆ. ಮುಂದಿನಿಂದ ಬೆಳಕು ಬಿದ್ದರೆ ಹಗಲು, ಹಿಂದೆ ದೀಪವಿಟ್ಟರೆ ಬೆಳುದಿಂಗಳು. ನಿಮಗೂ ಇಂಥದೇ ಬೇಕಿದ್ದರೆ ಫಿಲ್ಮಿನ ಹಿಂಬದಿಗೆ ಕನ್ನಡಿಬಿಂಬದಲ್ಲಿ ಎರಡನೇ ಮುದ್ರಣ ಮಾಡಿಸಬಹುದು. ಎರಡು ಪದರ ಒಂದು ಮಿಲಿಮೀಟರ್ ಜರುಗಿದರೂ ಫರ್ ಕೊಂಬೆಗಳು ಜೋಡಿಯಾಗಿ ಕಾಣುತ್ತವೆ. ನಾಲ್ಕೂ ಮೂಲೆಗೆ ಗುರುತು ಹಾಕಿಸಿಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಹುಳು ಸೇರಿ ಆಕಾಶದ ತುಂಬ ಕಪ್ಪು ಚುಕ್ಕೆಗಳು. ಪೂರ್ತಿ ಮುಚ್ಚಿಬಿಡಲೇ?
– ಓದುಗರು, ಉಡುಪಿ

ಉತ್ತರ: ಮುಚ್ಚಿದರೆ ಶಾಖವೂ ತೇವವೂ ಒಳಗೇ ಉಳಿದು ಫಿಲ್ಮ್ ಸುಕ್ಕುಗಟ್ಟುತ್ತದೆ. ಮೇಲೆ-ಕೆಳಗೆ ಎರಡೆರಡು ಗಾಳಿತೂತು ಇರಲಿ, ಅವಕ್ಕೆ ಒಳಗಿನಿಂದ ಸಣ್ಣಕಣ್ಣಿನ ಸ್ಟೀಲ್ ಜಾಲರಿ ಅಂಟಿಸಿ. ವೈರ್ ಹೊರಬರುವ ತೂತನ್ನು ಸಿಲಿಕೋನ್‌ನಿಂದ ಮುಚ್ಚಿ, ಹುಳು ನುಗ್ಗುವುದು ಹೆಚ್ಚಾಗಿ ಅಲ್ಲಿಂದಲೇ. ಗೋಡೆಗೂ ಪೆಟ್ಟಿಗೆಗೂ ಎರಡು ಬೆರಳು ಜಾಗ ಬಿಡಿ. ಎಸ್‌ಎಂಪಿಎಸ್ ಪೆಟ್ಟಿಗೆಯ ಹೊರಗಿರಲಿ.