ವೆಬ್‌ಸೈಟ್ ಆಮೇಲೆ, ಮೊದಲು ಕಾರು ತೊಳೆಸಿ

ಕೈಯಲ್ಲಿ 2 ಲಕ್ಷ ಇದೆ, ಊರಿಂದೂರಿಗೆ ಕಾರು-ಬೈಕು ಸಾಗಿಸಿ ಕೊಡುವ ಬ್ರೋಕರ್ ಆಗಬೇಕು, ವೆಬ್‌ಸೈಟಿಗೆ ಎಷ್ಟು ಹಾಕಲಿ, ಜಾಹೀರಾತಿಗೆ ಎಷ್ಟು ಹಾಕಲಿ ಅಂತ ಕೇಳಿದ್ದೀರಿ. 2017ರಲ್ಲಿ ನಾನೂ ಇದೇ ಲೆಕ್ಕ ಬರೆದಿದ್ದೆ, ಅದೂ ಪೆನ್ಸಿಲಿನಲ್ಲಿ.

ಆಗ ಯಶವಂತಪುರದ ಹತ್ತಿರ ಮನೆ ಸಾಮಾನು ಸಾಗಿಸುವ ಒಂದು ಆಫೀಸಿನಲ್ಲಿ ಬಿಲ್ಟಿ, ಅಂದರೆ ಸಾಮಾನಿನ ರಸೀದಿ, ಬರೆಯುತ್ತಿದ್ದೆ. ಪುಣೆಗೆ ವರ್ಗವಾದವರೆಲ್ಲ "ಕಾರಿಗೇನು ಮಾಡೋದು ಸಾರ್?" ಅಂತ ಕೇಳುವವರೇ. ನನ್ನ ಹತ್ತಿರ ಇಬ್ಬರು ಕ್ಯಾರಿಯರ್ (ಕಾರು ಹೊತ್ತೊಯ್ಯುವ ಲಾರಿ) ಡ್ರೈವರ್‌ಗಳ ನಂಬರ್ ಇತ್ತು. ಇಷ್ಟು ಸಾಕು ಅಂದುಕೊಂಡೆ. ಮೂರು ತಿಂಗಳಲ್ಲಿ 11 ಕಾರು ಕಳಿಸಿದೆ. ಒಂದಕ್ಕೆ 1,500ರಿಂದ 2,000 ಉಳಿಯುತ್ತಿತ್ತು. ಹನ್ನೆರಡನೆಯದು ಬಂತು ನೋಡಿ.

ಯಲಹಂಕದ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್. ಕಾರಿನವರು ಆಗಲೇ ಪುಣೆಗೆ ಹೋಗಿದ್ದರು, ಅವರ ಮಾವ ಕೀ ಕೊಟ್ಟರು. ಎರಡು ತಿಂಗಳಿಂದ ನಿಂತ ಕಾರು. ಬಾನೆಟ್ ಮೇಲಿನ ಧೂಳಲ್ಲಿ ಯಾವುದೋ ಮಗು ಬೆರಳಲ್ಲಿ ಬೆಕ್ಕಿನ ಚಿತ್ರ ಬರೆದಿತ್ತು. ರಾತ್ರಿ ಎಂಟೂವರೆ, ನೆಲಮಂಗಲದ ಹತ್ತಿರ ನಿಂತಿದ್ದ ಡ್ರೈವರ್ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದ. ಸುತ್ತಲೂ 14 ಫೋಟೊ ತೆಗೆದೆ. ಫಾರಂನಲ್ಲಿ "ಡ್ಯಾಮೇಜ್ ಇಲ್ಲ" ಅಂತ ಬರೆದು ಸಹಿ ಹಾಕಿದೆ.

ಆರನೇ ದಿನ ಪುಣೆಯಲ್ಲಿ ಕಾರಿನವರು ಅದನ್ನು ತೊಳೆಸಿದರು. ಎಡಗಡೆ ಹಿಂದಿನ ಬಾಗಿಲಿಂದ ಮೊಳದುದ್ದ ಗೀರು. ಮೊದಲೇ ಇತ್ತು ಅಂತ ಡ್ರೈವರ್, ಇರಲೇ ಇಲ್ಲ ಅಂತ ಇವರು. ಇವತ್ತಿಗೂ ನನಗೆ ಯಾರದ್ದು ನಿಜ ಗೊತ್ತಿಲ್ಲ.

ತಪ್ಪು ಎಲ್ಲಿ ಆಯಿತು ಅಂತ ಸರಿಯಾಗಿ ಕೇಳಿ. ಫೋಟೊ ತೆಗೆಯಲಿಲ್ಲ ಅಂತಲ್ಲ, ತೆಗೆದಿದ್ದೆ. ಆದರೆ ಅದರಲ್ಲಿ ಇದ್ದದ್ದು ಧೂಳಿನ ಫೋಟೊ, ಬಣ್ಣದ್ದಲ್ಲ. ಹದಿನಾಲ್ಕಲ್ಲ, ನಲವತ್ತು ತೆಗೆದಿದ್ದರೂ ಅಷ್ಟೇ. ಫ್ಲ್ಯಾಷ್ ಬೇರೆ ನೇರ ಹೊಡೆದು ಎಲ್ಲ ಬೆಳ್ಳಗೆ. ಸಣ್ಣ ಗೀರು ಕಾಣಬೇಕಾದರೆ ಬೆಳಕು ಪಕ್ಕದಿಂದ ಬೀಳಬೇಕು. ಅದಕ್ಕಿಂತ ದೊಡ್ಡ ಪೆಟ್ಟು ಆ ಎರಡು ಪದ. ಕಾಣದೇ ಇರುವುದನ್ನು "ಇಲ್ಲ" ಅಂತ ಬರೆದೆ. "ಧೂಳಿದೆ, ಬಣ್ಣ ಕಾಣುತ್ತಿಲ್ಲ" ಅಂತ ಬರೆದಿದ್ದರೆ ವಾದಕ್ಕಾದರೂ ಜಾಗ ಇರುತ್ತಿತ್ತು. ನನ್ನ ಸಹಿಯೇ ನನ್ನ ವಿರುದ್ಧ ಸಾಕ್ಷಿ ಹೇಳಿತು. ಒಂದು ಬಕೆಟ್ ನೀರು, ಹತ್ತು ನಿಮಿಷ, ಅಷ್ಟೇ ಬೇಕಿತ್ತು ಅಲ್ವಾ?

"ನಾನು ಬರೀ ಬ್ರೋಕರ್, ಗಾಡಿಯವರನ್ನು ಕೇಳಿ" ಅಂದೆ. ಪರಿಚಯದ ವಕೀಲರೊಬ್ಬರು 2007ರ ರಸ್ತೆ ಸಾಗಣೆ ಕಾಯ್ದೆ ತೆಗೆದು ತೋರಿಸಿದರು. ಸಾಗಣೆದಾರ ಅಂದರೆ ಯಾರು ಅನ್ನುವ ಕಡೆ ಏಜೆಂಟ್ ಜೊತೆಗೆ ಬ್ರೋಕರ್ ಅಂತಲೂ ಇದೆ. ನೋಂದಣಿ ಇಲ್ಲದೆ ಈ ಕೆಲಸ ಮಾಡುವಂತಿಲ್ಲ ಅಂತಲೂ ಇದೆ. ನನ್ನದು ನೋಂದಣಿ ಆಗಿರಲಿಲ್ಲ. ಸುಮ್ನೆ ದುಡ್ಡು ಕಟ್ಟಿದೆ. ಪೇಂಟು, ವಾಪಸ್ ಕೊಟ್ಟ ಬಾಡಿಗೆ ಸೇರಿ 23,500.

ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗು ಅಂತೀನಿ. ಗಿರಾಕಿ ಹೇಗೂ ಸಿಗುತ್ತಾರೆ, ಗಾಡಿ ಸಿಗುವುದೇ ಕಷ್ಟ. ಪುಣೆ ಹತ್ತಿರದ ಚಾಕಣ್ ಕಡೆಯ ಫ್ಯಾಕ್ಟರಿಗಳಿಂದ ಹೊಸ ಕಾರು ತುಂಬಿಕೊಂಡು ಬೆಂಗಳೂರಿಗೆ ಬರುವ ಕ್ಯಾರಿಯರ್‌ಗೆ ವಾಪಸ್ ಹೋಗಲು ಲೋಡ್ ಬೇಕು. ಕಡಿಮೆ ಬಾಡಿಗೆ ಸಿಗುವುದು ಅಲ್ಲೇ. ಆ ಡ್ರೈವರ್‌ಗಳ ಜೊತೆ ಎರಡು ತಿಂಗಳು ಚಹಾ ಕುಡಿಯಿರಿ. ಜಾಹೀರಾತಿಗೆ ಇಟ್ಟ ದುಡ್ಡಲ್ಲಿ 50,000 ಮುಟ್ಟದೆ ಇಡಿ, ಅದು ಗೀರಿನ ದುಡ್ಡು. ನೋಂದಣಿ ಮಾಡಿಸಿ. ಕಿಲೋಮೀಟರ್ ರೀಡಿಂಗ್ ಫೋಟೊ ಬೇಕೇ ಬೇಕು, ಯಾಕೆ ಅಂತ ಮೊದಲ ಸಲ ಯಾರಾದರೂ ಕಾರನ್ನು ಲಾರಿಗೆ ಹತ್ತಿಸದೆ ಓಡಿಸಿಕೊಂಡೇ ಹೋದಾಗ ಗೊತ್ತಾಗುತ್ತದೆ. ಗಿರಾಕಿಗೆ ಕಾರು ತಲುಪುವ ತಾರೀಕು ಕೊಡಬೇಡಿ, "ಐದರಿಂದ ಎಂಟು ದಿನ" ಅನ್ನಿ. ಬೈಕಿನ ಪ್ಯಾಕಿಂಗ್ ಬೇರೆಯದೇ ಕಥೆ, ಮೊದಲ ವರ್ಷ ಅದರ ತಂಟೆ ಬೇಡ.

ನಿಮ್ಮ ಊರು ಯಾವುದು ಅಂತ ಬರೆದಿಲ್ಲ. ಹುಬ್ಬಳ್ಳಿ ಕಡೆಯವರಾದರೆ ಬೆಂಗಳೂರಿಗೆ ಬರಲೇಬೇಡಿ. ಪುಣೆ ಹೆದ್ದಾರಿ ನಿಮ್ಮೂರ ಪಕ್ಕದಲ್ಲೇ ಹೋಗುತ್ತದೆ. ಇಲ್ಲಿಂದ ಎರಡು ಕಾರಿನ ಜಾಗ ಖಾಲಿ ಇಟ್ಟುಕೊಂಡು ಹೊರಟ ಡ್ರೈವರ್ ನಿಮ್ಮ ಫೋನಿಗೆ ಕಾಯುತ್ತಿರುತ್ತಾನೆ.