ಏಪ್ರಿಲ್‌ನ ಗುಡುಗು ಮಳೆಯ ವಾರದಲ್ಲಿ ಮಡಿಕೇರಿಗೆ ಹೋಗಬಹುದಾ?

ಹೋಗಬಹುದು, ಆದರೆ ಸುತ್ತಾಟವನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸಿ. ಇದು ಮುಂಗಾರಿನ ಹಾಗೆ ದಿನವಿಡೀ ಸುರಿಯುವ ಮಳೆ ಅಲ್ಲ. ಬೆಳಗಿನ ಬಿಸಿಲಿಗೆ ನೆಲ ಕಾಯುತ್ತದೆ, ಅರಬ್ಬಿ ಸಮುದ್ರದ ಕಡೆಯ ತೇವದ ಗಾಳಿ ಘಟ್ಟ ಹತ್ತಿ ಮೇಲೇರುತ್ತದೆ, ಮಧ್ಯಾಹ್ನ ಕಳೆದ ಮೇಲೆ ಮೋಡ ಕಪ್ಪಾಗಿ ಗುಡುಗು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲು ಕೂಡ. ವಿರಾಜಪೇಟೆಯಲ್ಲಿ ಜೋರು ಮಳೆ ಬಂದ ದಿನವೇ ಕುಶಾಲನಗರದಲ್ಲಿ ಒಂದು ಹನಿಯೂ ಬೀಳದಿರಬಹುದು, ಹಾಗಾಗಿ ವಾರ ಮುಂಚೆಯೇ ಆ್ಯಪ್ ತೋರಿಸುವ ಗಂಟೆಗಂಟೆಯ ಲೆಕ್ಕವನ್ನು ಸುಮ್ನೆ ನಂಬಬೇಡಿ, ಹವಾಮಾನ ಇಲಾಖೆ ಆಯಾ ದಿನ ಕೊಡುವ ಸೂಚನೆ ನೋಡಿ. ಹಳದಿ ಅಲರ್ಟ್ ಇದ್ದರೆ ಗಾಬರಿ ಬೇಡ, ಕಿತ್ತಳೆ ಇದ್ದರೆ ಸಂಜೆ ಘಾಟಿ ಇಳಿಯಬೇಡಿ. ಗುಡುಗು ಕೇಳಿಸಿದರೆ ಮರದಡಿ ನಿಲ್ಲಬೇಡಿ. ಕೊಂಬೆ ಬೀಳುವುದು, ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಅಂದಹಾಗೆ, ಬೆಳೆಗಾರರ ಮುಂದೆ ಈ ಮಳೆಯನ್ನು ಬೈಯಬೇಡಿ, ಕಾಫಿ ಹೂವು ಅರಳಲು, ಆಮೇಲೆ ಕಾಯಿ ಕಚ್ಚಲು ಅವರು ಕಾಯುವುದೇ ಇದಕ್ಕೆ.