ಅಂಗನವಾಡಿಯಲ್ಲಿ ನಾಲ್ಕು ವರ್ಷದ ಹುಡುಗ ಬೇರೆ ಮಕ್ಕಳಿಗೆ ಹೊಡೆಯುತ್ತಾನೆ, ಏನು ಮಾಡಲಿ?

ಮೊದಲು ಒಂದು ವಾರ ಸುಮ್ನೆ ಗಮನಿಸಿ: ಯಾವಾಗ ಹೊಡೆಯುತ್ತಾನೆ, ಯಾರಿಗೆ, ಅದಕ್ಕೆ ಮುಂಚೆ ಏನಾಯ್ತು. ನಮ್ಮ ಕೇಂದ್ರದಲ್ಲಿ ಒಬ್ಬ ದಿನಾ ಊಟಕ್ಕೆ ಮುಂಚೆ, ಕೈ ತೊಳೆಯುವ ಸಾಲಿನಲ್ಲೇ ಎಲ್ಲರನ್ನೂ ತಳ್ಳುತ್ತಿದ್ದ. ವಿಚಾರಿಸಿದರೆ ಬೆಳಗ್ಗೆ ಏನೂ ತಿನ್ನದೆ ಬರುತ್ತಿದ್ದನಂತೆ. ಬಂದ ತಕ್ಷಣ ತಿನ್ನಲು ಏನಾದರೂ ಕೊಟ್ಟು, ಸಾಲಿನ ಬದಲು ತಟ್ಟೆ ಹಂಚುವ ಕೆಲಸ ಒಪ್ಪಿಸಿದೆವು. ತಳ್ಳಾಟ ಅರ್ಧಕ್ಕಿಳಿಯಿತು, ಪೂರ್ತಿ ನಿಲ್ಲಲಿಲ್ಲ ಅನ್ನಿ.

ಹೊಡೆದಾಗ ದೂರದಿಂದ ಕೂಗಬೇಡಿ. ಪೆಟ್ಟು ತಿಂದ ಮಗುವನ್ನು ಮೊದಲು ಸಮಾಧಾನ ಮಾಡಿ, ಇಲ್ಲದಿದ್ದರೆ ಹೊಡೆದವನಿಗೇ ಜಾಸ್ತಿ ಗಮನ ಸಿಗುತ್ತದೆ, ಅಲ್ವಾ? ಆಮೇಲೆ ಅವನ ಎದುರು ಕುಕ್ಕರಗಾಲಲ್ಲಿ ಕೂತು, ಕೈ ಹಿಡಿದು, ‘ಹೊಡೀಬಾರದು. ಚೆಂಡು ಬೇಕಾದರೆ ಕೊಡು ಅಂತ ಕೇಳು’ ಅನ್ನಿ. ಅಷ್ಟೇ ಸಾಕು, ಈ ವಯಸ್ಸಿಗೆ ಭಾಷಣ ತಲೆಗೆ ಹೋಗುವುದಿಲ್ಲ. ತಿರುಗಿ ಹೊಡೆಯುವುದು ಬೇಡವೇ ಬೇಡ, ಅವನು ಕಲಿಯುವುದು ಅದನ್ನೇ. ಕೇಳಿ ತಗೊಂಡ ದಿನ ತಪ್ಪದೆ ಮೆಚ್ಚಿಕೊಳ್ಳಿ.

ಕರೆದರೂ ತಿರುಗದಿದ್ದರೆ, ಮಾತು ತಡವಾಗಿದ್ದರೆ ಕಿವಿ ಪರೀಕ್ಷೆ ಮಾಡಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಬಂದಾಗ ಇವನನ್ನು ತೋರಿಸಿ.